ಹಳೇ ಕಂಪ್ಯೂಟರ್ ಅಡ್ವೆಂಚರ್ ಗೇಮ್‌ಗಳನ್ನ ಫೋನಲ್ಲಿ ಆಡೋದು ಹೇಗೆ: ಫೈಲ್ ಹಾಕೋದ್ರಿಂದ ಹಿಡಿದು ಒಗಟಲ್ಲಿ ಸಿಕ್ಕಾಕ್ಕೊಳ್ಳೋವರೆಗೂ

ಹಳೇ ಪಾಯಿಂಟ್ ಆಂಡ್ ಕ್ಲಿಕ್ ಗೇಮ್‌ಗಳು (ಅಂದ್ರೆ ಪರದೆ ಮೇಲಿನ ವಸ್ತುಗಳನ್ನ ಮೌಸಲ್ಲಿ ಒತ್ತಿ, ಒಗಟು ಬಿಡಿಸ್ತಾ ಕಥೆ ಮುಂದೆ ತಗೊಂಡು ಹೋಗೋವು) ಫೋನಿಗೆ ಹೇಳಿ ಮಾಡಿಸಿದ ಹಾಗಿವೆ ಅಂತ ನನ್ನ ಅಭಿಪ್ರಾಯ. ಸ್ಪೀಡಾಗಿ ಒತ್ತೋ ಕೆಲ್ಸ ಇಲ್ಲ, ಅರ್ಧದಲ್ಲಿ ಫೋನ್ ಜೇಬಿಗೆ ಹಾಕಿದ್ರೂ ಹೀರೋ ಪಾಪ ಕೈ ಕಟ್ಕೊಂಡು ಅಲ್ಲೇ ನಿಂತಿರ್ತಾನೆ, ನೆಟ್ ಬೇಡ, ಜಾಹೀರಾತಿಲ್ಲ, ಒಂದು ಗೇಮಿಗೆ ಬೇಕಾಗೋ ಜಾಗ ಎಷ್ಟೋ ಸಲ ಒಂದು ವಿಡಿಯೋ ಫಾರ್ವರ್ಡ್‌ಗಿಂತ ಕಮ್ಮಿ. ಆದ್ರೂ ಟ್ರೈ ಮಾಡಿದವ್ರಲ್ಲಿ ಸುಮಾರು ಜನ ಹತ್ತೇ ನಿಮಿಷಕ್ಕೆ ಬೇಜಾರಾಗಿ ಡಿಲೀಟ್ ಮಾಡಿಬಿಡ್ತಾರೆ. ನಾನು ನೋಡಿದ ಮಟ್ಟಿಗೆ ಕಾರಣ ಎರಡೇ. ಒಂದು, ಗೇಮಿನ ಫೈಲು ಆಪ್‌ಗೆ ಕಾಣೋ ಜಾಗದಲ್ಲಿ ಇರಲ್ಲ. ಇನ್ನೊಂದು, ಬೆರಳೇ ಮೌಸು ಅಂದ್ಕೊಂಡು ಪರದೆ ಮೇಲೆ ನೇರವಾಗಿ ಕುಟ್ಟೋಕೆ ಶುರು ಮಾಡ್ತಾರೆ. ಈ ಎರಡನ್ನ ಸರಿ ಮಾಡ್ಕೊಂಡ್ರೆ ಉಳಿದಿದ್ದೆಲ್ಲ ತಾನಾಗೇ ಆಗತ್ತೆ, ಅದಕ್ಕೇ ಈ ಬರಹದಲ್ಲಿ ಅವೆರಡಕ್ಕೆ ಜಾಸ್ತಿ ಜಾಗ ಕೊಟ್ಟಿದೀನಿ.

ಸ್ಕಮ್‌ವಿಎಂ ಅಂದ್ರೇನು

ನಮ್ಮ ಮುಖ್ಯ ಆಯುಧ ಸ್ಕಮ್‌ವಿಎಂ ಅನ್ನೋ ಆಪ್. ಹೆಸರು ವಿಚಿತ್ರ, ಆದ್ರೆ ಹಿಂದೆ ಕಥೆ ಇದೆ. 1987ರಲ್ಲಿ ಲ್ಯೂಕಸ್‌ಫಿಲ್ಮ್ ಗೇಮ್ಸ್‌ನವ್ರು ಮೇನಿಯಾಕ್ ಮ್ಯಾನ್ಷನ್ ಅಂತ ಒಂದು ಗೇಮ್ ಮಾಡಿದ್ರು, ಅದನ್ನ ಬರೆಯೋಕೆ ರಾನ್ ಗಿಲ್ಬರ್ಟ್ ಮತ್ತೆ ಆರಿಕ್ ವಿಲ್ಮಂಡರ್ ಸೇರಿ ಒಂದು ಸ್ಕ್ರಿಪ್ಟಿಂಗ್ ವ್ಯವಸ್ಥೆ ಕಟ್ಟಿದ್ರು, ಅದರ ಹೆಸರೇ ಸ್ಕಮ್. ಆಮೇಲೆ ಬಂದ ಮಂಕಿ ಐಲ್ಯಾಂಡ್, ಇಂಡಿಯಾನಾ ಜೋನ್ಸ್ ಆಂಡ್ ದ ಫೇಟ್ ಆಫ್ ಅಟ್ಲಾಂಟಿಸ್, ಡೇ ಆಫ್ ದ ಟೆಂಟಕಲ್ ಎಲ್ಲಾ ಅದೇ ಎಂಜಿನ್ ಮೇಲೆ ಓಡ್ತಿದ್ವು. 2001ರಲ್ಲಿ ಲುಡ್ವಿಗ್ ಸ್ಟ್ರಿಗಿಯಸ್ ಅನ್ನೋ ಪ್ರೋಗ್ರಾಮರ್ ಈ ಎಂಜಿನ್ನನ್ನ ಹೊಸದಾಗಿ ಬರೆಯೋಕೆ ಶುರು ಮಾಡಿದ, ಬೇರೆಯವ್ರೂ ಕೈ ಜೋಡಿಸಿದ್ರು, ಇವತ್ತು ಅದು ಸಿಯೆರಾ, ರೆವಲ್ಯೂಷನ್ ಮುಂತಾದ ಬೇರೆ ಬೇರೆ ಕಂಪನಿಗಳ ನೂರಾರು ಗೇಮ್ ಓಡಿಸತ್ತೆ. ರೆಸಿಡ್ಯುಯಲ್‌ವಿಎಂ ಅಂತ ಬೇರೇನೇ ಇದ್ದ ಪ್ರಾಜೆಕ್ಟು 2020ರಲ್ಲಿ ಇದರೊಳಗೇ ಸೇರ್ಕೊಂಡಿದ್ರಿಂದ 1998ರ ಗ್ರಿಮ್ ಫಂಡಾಂಗೋ ತರದ ತ್ರಿಡಿ ಗೇಮ್‌ಗಳೂ ಬಂದಿವೆ.

ಇಲ್ಲೊಂದು ವಿಷಯ ತಲೇಲಿಟ್ಕೊಳ್ಳಿ, ಇದು ಎಮ್ಯುಲೇಟರ್ ಅಲ್ಲ. ಹಳೇ ಕಂಪ್ಯೂಟರನ್ನ ಇದು ನಟಿಸಲ್ಲ, ಗೇಮಿನ ಎಂಜಿನ್ ಮಾಡ್ತಿದ್ದ ಕೆಲಸವನ್ನ ತಾನೇ ಮಾಡತ್ತೆ. ಹಂಗಾಗಿ ಚಿತ್ರ, ಸಂಗೀತ, ಸಂಭಾಷಣೆ ಇರೋ ಡೇಟಾ ಫೈಲ್‌ಗಳು ಮಾತ್ರ ಬೇಕು, ಜೊತೆಗಿರೋ ಡಾಸ್ (ವಿಂಡೋಸಿಗಿಂತ ಮುಂಚಿನ ಸಿಸ್ಟಮ್) ಅಥವಾ ವಿಂಡೋಸಿನ ಇಎಕ್ಸ್‌ಇ ಫೈಲಿಗೆ, ಅಂದ್ರೆ ಗೇಮ್ ಶುರು ಮಾಡೋ ಪ್ರೋಗ್ರಾಮಿಗೆ, ಸಾಮಾನ್ಯವಾಗಿ ಇಲ್ಲಿ ಕೆಲ್ಸ ಇಲ್ಲ. ಅದೇ ಗೇಮನ್ನ ಡಾಸ್‌ಬಾಕ್ಸಲ್ಲಿ (ಇದು ಹಳೇ ಡಾಸ್ ಕಂಪ್ಯೂಟರನ್ನ ನಟಿಸೋ ಎಮ್ಯುಲೇಟರ್) ಓಡಿಸೋದಕ್ಕಿಂತ ಬ್ಯಾಟರಿ ಕಮ್ಮಿ ತಿನ್ನೋದೂ ಇದಕ್ಕೇ.

ಗೇಮ್ ಎಲ್ಲಿಂದ ತರೋದು

ಆಪ್ ಜೊತೆ ಗೇಮ್ ಬರಲ್ಲ. ಮೊದಲ ಸಲ ಹಾಕಿದವ್ರೆಲ್ಲ ಓಪನ್ ಮಾಡಿ "ಇದೇನು ಖಾಲಿ ಲಿಸ್ಟು" ಅಂತ ಕೂರೋದು ಇದಕ್ಕೇ.

ಶುರು ಮಾಡೋಕೆ ಒಂದು ರೂಪಾಯೀನೂ ಖರ್ಚು ಮಾಡ್ಬೇಡಿ. ಸ್ಕಮ್‌ವಿಎಂ ಅಧಿಕೃತ ಸೈಟಲ್ಲೇ ಗೇಮ್ಸ್ ಅಂತ ಡೌನ್‌ಲೋಡ್ ಪುಟ ಇದೆ, ಹಕ್ಕುದಾರರೇ ಒಪ್ಪಿ ಫ್ರೀಯಾಗಿ ಬಿಟ್ಟುಕೊಟ್ಟ ಗೇಮ್‌ಗಳು ಅಲ್ಲಿ ಸಿಗತ್ತೆ. ರೆವಲ್ಯೂಷನ್‌ನವ್ರ ಬಿನೀತ್ ಎ ಸ್ಟೀಲ್ ಸ್ಕೈ (1994, 2003ರಲ್ಲಿ ಫ್ರೀ ಆಯ್ತು), ಅವರದ್ದೇ ಲೂರ್ ಆಫ್ ದ ಟೆಂಪ್ಟ್ರೆಸ್ (1992), ಫ್ಲೈಟ್ ಆಫ್ ದ ಅಮೆಜಾನ್ ಕ್ವೀನ್ (1995), ಡ್ರಾಸ್ಕುಲಾ, ಡ್ರೀಮ್‌ವೆಬ್, ಹಿಂಗೆ. ನನ್ನ ಕೇಳಿದ್ರೆ ಬಿನೀತ್ ಎ ಸ್ಟೀಲ್ ಸ್ಕೈಯಿಂದ ಶುರು ಮಾಡಿ, ಸಿಡಿ ಆವೃತ್ತಿನೇ ತಗೊಳ್ಳಿ, ಎಲ್ರೂ ಮಾತಾಡ್ತಾರೆ. ಲೂರ್ ಮಾತ್ರ ಮೊದಲ ಗೇಮಾಗಿ ಬೇಡ, ಅದರಲ್ಲಿ ಪಾತ್ರಗಳು ತಮ್ಮಷ್ಟಕ್ಕೆ ತಾವೇ ಓಡಾಡ್ಕೊಂಡಿರ್ತವೆ, ಹೊಸಬರಿಗೆ ತಲೆ ಕೆಡತ್ತೆ.

ದುಡ್ಡು ಕೊಟ್ಟು ತಗೊಳ್ಳೋದಾದ್ರೆ ಜಿಒಜಿ ಮತ್ತೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಗಳು. ಇಲ್ಲಿ ಒಂದು ತೊಡಕು ಇದೆ, ಅವ್ರು ಕೊಡೋದು ವಿಂಡೋಸ್ ಇನ್‌ಸ್ಟಾಲರ್, ಫೋನಲ್ಲಿ ಅದನ್ನ ಒತ್ತಿದ್ರೆ ಏನೂ ಆಗಲ್ಲ. ಒಂದ್ಸಲ ಕಂಪ್ಯೂಟರಲ್ಲಿ ಇನ್‌ಸ್ಟಾಲ್ ಮಾಡಿ, ಆ ಫೋಲ್ಡರಿಂದ ಡೇಟಾ ಫೈಲ್‌ಗಳನ್ನ ಫೋನಿಗೆ ಕಾಪಿ ಮಾಡ್ಕೋಬೇಕು. ವಿಂಡೋಸ್ ಇಲ್ದಿದ್ರೆ ಇನ್ನೋಎಕ್ಸ್‌ಟ್ರ್ಯಾಕ್ಟ್ ಅನ್ನೋ ಚಿಕ್ಕ ಟೂಲು ಜಿಒಜಿ ಇನ್‌ಸ್ಟಾಲರನ್ನ ಬಿಚ್ಚಿ ಒಳಗಿರೋದನ್ನ ಹೊರಗೆ ಹಾಕತ್ತೆ, ಲಿನಕ್ಸಲ್ಲೂ ಮ್ಯಾಕಲ್ಲೂ ನಡೆಯತ್ತೆ. ರಿಮಾಸ್ಟರ್ಡ್ ಅಥವಾ ಸ್ಪೆಷಲ್ ಎಡಿಷನ್ ತಗೊಳ್ಳೋ ಮುಂಚೆ ಮಾತ್ರ ಸ್ಕಮ್‌ವಿಎಂ ಸೈಟಿನ ಕಂಪ್ಯಾಟಿಬಿಲಿಟಿ ಪಟ್ಟಿ ನೋಡಿ, ಅವುಗಳಲ್ಲಿ ಹಳೇ ಫೈಲುಗಳು ದೊಡ್ಡದೊಂದು ಪ್ಯಾಕ್ ಫೈಲಿನೊಳಗೆ ಹೂತ್ಕೊಂಡಿರ್ತವೆ.

ಅಬಾಂಡನ್‌ವೇರ್ ಸೈಟ್‌ಗಳ (ಈಗ ಯಾರೂ ಮಾರದ ಹಳೇ ಗೇಮ್‌ಗಳನ್ನ ಪುಕ್ಕಟೆ ಹಂಚೋ ಸೈಟ್‌ಗಳು) ಬಗ್ಗೆ ಕೇಳ್ತೀರಾ ಅಂತ ಗೊತ್ತು. ಕಂಪನಿ ಮಾರೋದು ನಿಲ್ಲಿಸಿದ್ರೆ ಹಕ್ಕು ಹೋಯ್ತು ಅಂತ ಅರ್ಥ ಅಲ್ಲ, ಅಷ್ಟೇ ಹೇಳ್ತೀನಿ.

ಹಂತ 1: ಆಪ್ ಹಾಕಿ

ಆಂಡ್ರಾಯ್ಡಾದ್ರೆ ಪ್ಲೇ ಸ್ಟೋರಲ್ಲಿ, ಐಫೋನಾದ್ರೆ ಆಪ್ ಸ್ಟೋರಲ್ಲಿ ಸ್ಕಮ್‌ವಿಎಂ ಅಂತ ಹುಡುಕಿದ್ರೆ ಬರತ್ತೆ, ಫ್ರೀ. ಬೇರೆ ಸೈಟಲ್ಲಿ ಯಾವ್ದೋ ಹಳೇ ಎಪಿಕೆ (ಆಂಡ್ರಾಯ್ಡ್ ಆಪ್‌ನ ಇನ್‌ಸ್ಟಾಲ್ ಫೈಲ್) ಹುಡ್ಕೊಂಡು ಹೋಗ್ಬೇಡಿ. ಹಳೇ ವರ್ಷನ್‌ಗಳಿಗೆ ಆಂಡ್ರಾಯ್ಡಿನ ಹೊಸ ಸ್ಟೋರೇಜ್ ನಿಯಮ ಗೊತ್ತಿಲ್ಲ, ಫೋಲ್ಡರೇ ಕಾಣಲ್ಲ.

ಹಂತ 2: ಫೈಲುಗಳನ್ನ ಜಾಗಕ್ಕೆ ಹಾಕಿ (ಎಲ್ರೂ ಎಡವೋದು ಇಲ್ಲೇ)

ಆಂಡ್ರಾಯ್ಡಲ್ಲಿ ಮೊದ್ಲು ಫೈಲ್ ಮ್ಯಾನೇಜರ್ ಓಪನ್ ಮಾಡಿ, ಫೋನಿನ ಸ್ಟೋರೇಜಲ್ಲಿ ಗೇಮ್ಸ್ ಅಂತ ಒಂದು ಹೊಸ ಫೋಲ್ಡರ್ ಮಾಡಿ. ಡೌನ್‌ಲೋಡ್ಸ್ ಫೋಲ್ಡರಲ್ಲೇ ಬಿಟ್ರೆ ಆಗಲ್ವಾ ಅಂದ್ರೆ, ಆಗಲ್ಲ, ಆಂಡ್ರಾಯ್ಡ್ 11ರಿಂದ ಈಚೆಗೆ ಇಡೀ ಡೌನ್‌ಲೋಡ್ಸ್ ಫೋಲ್ಡರಿಗೋ ಇಡೀ ಸ್ಟೋರೇಜಿಗೋ ಹಿಂಗೆ ಅನುಮತಿ ಕೊಡೋಕೆ ಸಿಸ್ಟಮ್ಮೇ ಬಿಡಲ್ಲ. ಬೇರೆ ಹೆಸರಿನ ಫೋಲ್ಡರ್ ಇದ್ರೆ ತಕರಾರಿಲ್ಲ.

ಗೇಮ್ಸ್ ಫೋಲ್ಡರೊಳಗೆ ಪ್ರತಿ ಗೇಮಿಗೂ ಒಂದೊಂದು ಫೋಲ್ಡರ್. ಎಲ್ಲಾನೂ ಒಂದ್ರಲ್ಲೇ ಸುರೀಬೇಡಿ. ಸಿಯೆರಾ ಗೇಮ್‌ಗಳಲ್ಲಿ ಎಷ್ಟೋ ಗೇಮಿನ ಫೈಲಿಗೆ ರಿಸೋರ್ಸ್ ಡಾಟ್ ಮ್ಯಾಪ್, ರಿಸೋರ್ಸ್ ಡಾಟ್ 001 ಅಂತ ಒಂದೇ ಹೆಸರು, ಒಂದರ ಮೇಲೊಂದು ಬಿದ್ದು ಎರಡೂ ಹಾಳಾಗತ್ತೆ.

ಡೌನ್‌ಲೋಡ್ ಆಗಿರೋದು ಜಿಪ್ ಆದ್ರೆ ಬಿಚ್ಚಲೇಬೇಕು, ಜಿಪ್ಪಿನೊಳಗಿರೋ ಗೇಮು ಆಪ್‌ಗೆ ಕಾಣಲ್ಲ. ಬಿಚ್ಚಿದ ಮೇಲೆ ಒಳಗೆ ಒಂದ್ಸಲ ಇಣುಕಿ ನೋಡಿ, ಫೋಲ್ಡರೊಳಗೆ ಇನ್ನೊಂದು ಫೋಲ್ಡರು ಅದರೊಳಗೆ ಫೈಲು, ಹಿಂಗೆ ಈರುಳ್ಳಿ ಸಿಪ್ಪೆ ತರ ಆಗಿರತ್ತೆ ಎಷ್ಟೋ ಸಲ. ಕೊನೆಗೆ ಯಾವ ಫೋಲ್ಡರಲ್ಲಿ ನಿಜವಾದ ಫೈಲುಗಳು ಇವ್ಯೋ ಅದೇ ಗೇಮ್ ಫೋಲ್ಡರು. ಗುರುತು ಹಿಡಿಯೋಕೆ: ಬಿನೀತ್ ಎ ಸ್ಟೀಲ್ ಸ್ಕೈಗೆ ಸ್ಕೈ ಡಾಟ್ ಡಿಎಸ್‌ಕೆ ಮತ್ತೆ ಸ್ಕೈ ಡಾಟ್ ಡಿಎನ್‌ಆರ್ ಇರ್ಬೇಕು. ಡೇ ಆಫ್ ದ ಟೆಂಟಕಲ್‌ಗೆ ಟೆಂಟಕಲ್ ಅನ್ನೋ ಹೆಸರಲ್ಲಿ ಡಾಟ್ 000, ಡಾಟ್ 001 ಅಂತ ಎರಡು ಫೈಲು, ಮಾತು ಕೇಳಿಸ್ಬೇಕು ಅಂದ್ರೆ ಜೊತೆಗೆ ಮಾನ್‌ಸ್ಟರ್ ಡಾಟ್ ಎಸ್‌ಒಯು. ಈ ಕೊನೇ ಫೈಲು ದೊಡ್ಡದು ಅಂತ ಬಿಟ್ಟುಬಂದು ಆಮೇಲೆ ಯಾರೂ ಮಾತಾಡ್ತಿಲ್ಲ ಅಂತ ಸೌಂಡ್ ಸೆಟ್ಟಿಂಗ್ ಕೆದಕೋರು ತುಂಬಾ ಜನ.

ಐಫೋನಲ್ಲಿ ಕಥೆ ಸ್ವಲ್ಪ ಸುಲಭ. ಫೈಲ್ಸ್ ಆಪ್ ತೆಗೆದು ಆನ್ ಮೈ ಐಫೋನ್ ಅನ್ನೋದ್ರೊಳಗೆ ಹೋದ್ರೆ ಸ್ಕಮ್‌ವಿಎಂ ಫೋಲ್ಡರ್ ಇರತ್ತೆ, ಅದರೊಳಗೆ ಗೇಮ್ ಫೋಲ್ಡರನ್ನ ಮೂವ್ ಮಾಡಿ. ಜಿಪ್ ಮೇಲೆ ಒಂದ್ಸಲ ಒತ್ತಿದ್ರೆ ಅಲ್ಲೇ ಬಿಚ್ಕೊಳತ್ತೆ.

ಹಂತ 3: ಲಿಸ್ಟಿಗೆ ಸೇರಿಸಿ

ಸ್ಕಮ್‌ವಿಎಂ ಓಪನ್ ಮಾಡಿ ಆಡ್ ಗೇಮ್ ಒತ್ತಿ. ಆಂಡ್ರಾಯ್ಡಲ್ಲಿ ಬರೋ ಪಟ್ಟೀಲಿ ಆಡ್ ಎ ನ್ಯೂ ಫೋಲ್ಡರ್ ಅಂತ ಒಂದು ಸಾಲು ಇರತ್ತೆ, ಅದನ್ನ ಒತ್ತಿದ್ರೆ ಆಂಡ್ರಾಯ್ಡಿನದ್ದೇ ಫೋಲ್ಡರ್ ಆರಿಸೋ ಪರದೆ ಬರತ್ತೆ. ಈಗ ನೀವು ಮಾಡಿದ ಗೇಮ್ಸ್ ಫೋಲ್ಡರೊಳಗೆ ಹೋಗಿ ಕೆಳಗಿರೋ ಯೂಸ್ ದಿಸ್ ಫೋಲ್ಡರ್ ಒತ್ತಿ, ಅನುಮತಿ ಕೇಳಿದ್ರೆ ಅಲೋ ಅನ್ನಿ. ಒಂದೊಂದು ಗೇಮಿಗೂ ಬೇರೆ ಬೇರೆ ಅನುಮತಿ ಕೊಡ್ಬೇಡಿ, ಮೇಲಿನ ಫೋಲ್ಡರಿಗೆ ಒಂದೇ ಸಲ ಕೊಟ್ರೆ ಮುಂದೆ ಅದರೊಳಗೆ ಏನು ಹಾಕಿದ್ರೂ ಕಾಣತ್ತೆ. ಆಮೇಲೆ ಸ್ಕಮ್‌ವಿಎಂ ಪಟ್ಟೀಲೇ ಆ ಫೋಲ್ಡರಿಗೆ ಹೋಗಿ, ಗೇಮಿನ ಫೋಲ್ಡರ್ ಒಳಗೆ ಹೋಗಿ, ಚೂಸ್ ಒತ್ತಿ. ಗೇಮಿನ ಹೆಸರು, ಯಾವ ಆವೃತ್ತಿ, ಯಾವ ಭಾಷೆ ಎಲ್ಲಾ ತಾನೇ ಕಂಡುಹಿಡಿದು ತೋರಿಸತ್ತೆ. ಓಕೆ ಕೊಟ್ರೆ ಮುಗೀತು.

ಹತ್ತಿಪ್ಪತ್ತು ಗೇಮ್ ಒಟ್ಟಿಗೆ ಇದ್ರೆ ಮಾಸ್ ಆಡ್ ಅನ್ನೋದನ್ನ ಬಳಸಿ, ಆಡ್ ಗೇಮ್ ಬಟನ್ ಪಕ್ಕದ ಬಾಣದ ಗುರುತಿನೊಳಗೆ ಅಡಗ್ಕೊಂಡಿರತ್ತೆ. ಮೇಲಿನ ಫೋಲ್ಡರ್ ತೋರಿಸಿದ್ರೆ ಸಾಕು, ಒಳಗಿರೋದನ್ನೆಲ್ಲ ತಾನೇ ಜಾಲಾಡತ್ತೆ.

ಗೇಮ್ ಸಿಗ್ಲಿಲ್ಲ ಅಂತ ಬಂದ್ರೆ ಗಾಬರಿ ಬೇಡ. ಹತ್ತರಲ್ಲಿ ಎಂಟು ಸಲ ನೀವು ಒಂದು ಫೋಲ್ಡರ್ ಮೇಲೆ ನಿಂತಿರ್ತೀರಾ ಅಥವಾ ಒಂದು ಫೋಲ್ಡರ್ ಕೆಳಗೆ ಹೋಗಿರ್ತೀರಾ, ಅಷ್ಟೇ. ಉಳಿದ ಎರಡು ಸಲ ಕಾಪಿ ಅರ್ಧಕ್ಕೆ ನಿಂತು ಯಾವ್ದೋ ಒಂದು ಫೈಲು ಬಂದಿರಲ್ಲ.

ಹಂತ 4: ಬೆರಳಿಗೆ ಬುದ್ಧಿ ಹೇಳಿ

ಈಗ ಒಂದು ಸಣ್ಣ ಲೆಕ್ಕ. ಈ ಕಾಲದ ಗೇಮ್‌ಗಳಲ್ಲಿ ಬಹುಪಾಲು ಚಿತ್ರ 320 ಗುಣಿಸು 200 ಪಿಕ್ಸೆಲ್. ಆರೂವರೆ ಇಂಚಿನ ಫೋನನ್ನ ಅಡ್ಡ ಹಿಡಿದ್ರೆ ಪರದೆ ಎತ್ತರ ಸುಮಾರು 68 ಮಿಲಿಮೀಟರ್, ಅದರಲ್ಲಿ 200 ಸಾಲು ಅಂದ್ರೆ ಒಂದು ಪಿಕ್ಸೆಲ್ ಮಿಲಿಮೀಟರಿನ ಮೂರನೇ ಒಂದು ಭಾಗ. ನಿಮ್ಮ ಬೆರಳ ತುದಿ ಪರದೆಗೆ ತಾಗೋ ಜಾಗ ಎಂಟು ಮಿಲಿಮೀಟರ್ ಅಂದ್ಕೊಂಡ್ರೂ ಇಪ್ಪತ್ನಾಲ್ಕು ಪಿಕ್ಸೆಲ್ ಮುಚ್ಚೋಗತ್ತೆ. ಗೇಮಲ್ಲಿ ನೆಲದ ಮೇಲೆ ಬಿದ್ದಿರೋ ಬೀಗದ ಕೈ ಐದಾರು ಪಿಕ್ಸೆಲ್ ಇರತ್ತೆ. ಅಂದ್ರೆ ನೀವು ಹುಡುಕ್ತಿರೋ ವಸ್ತು ನಿಮ್ಮ ಬೆರಳ ಕೆಳಗೇ ಇದ್ರೂ ನಿಮಗೆ ಕಾಣಲ್ಲ! ಇನ್ನೊಂದು ತೊಂದ್ರೆ, ಈ ಗೇಮ್‌ಗಳನ್ನ ಆಡೋ ರೀತಿನೇ ಮೌಸನ್ನ ಸುಮ್ನೆ ಪರದೆ ಮೇಲೆ ಓಡಾಡಿಸಿ ಎಲ್ಲಿ ಹೆಸರು ಬರತ್ತೆ ಅಂತ ನೋಡೋದು. ನೇರ ಟಚ್ಚಲ್ಲಿ ಓಡಾಡಿಸೋದು ಅನ್ನೋದೇ ಇಲ್ಲ, ಮುಟ್ಟಿದ್ರೆ ಕ್ಲಿಕ್ ಆಗೋಗತ್ತೆ, ಪಾತ್ರ ಪರದೆಯ ಆಚೆ ತುದಿಗೆ ನಡ್ಕೊಂಡು ಹೋಗ್ಬಿಡತ್ತೆ.

ಅದಕ್ಕೆ ಪರಿಹಾರ ಟಚ್‌ಪ್ಯಾಡ್ ಮೋಡ್. ಆಪ್ಷನ್ಸ್ ಒಳಗೆ ಟಚ್ ಹೇಗೆ ಕೆಲಸ ಮಾಡ್ಬೇಕು ಅನ್ನೋದನ್ನ ಮೆನುಗೆ ಬೇರೆ, ಟೂಡಿ ಗೇಮಿಗೆ ಬೇರೆ, ತ್ರಿಡಿ ಗೇಮಿಗೆ ಬೇರೆ ಇಟ್ಕೋಬಹುದು. ನನ್ನ ಸೆಟ್ಟಿಂಗು: ಮೆನುಗೆ ನೇರ ಟಚ್, ಟೂಡಿ ಗೇಮಿಗೆ ಟಚ್‌ಪ್ಯಾಡ್, ತ್ರಿಡಿಗೆ ಗೇಮ್‌ಪ್ಯಾಡ್. ಆಡ್ತಾ ಇರುವಾಗ ಪರದೆ ಮೂಲೇಲಿ ಒಂದು ಚಿಕ್ಕ ಐಕಾನ್ ಕಾಣತ್ತಲ್ಲ, ಅದನ್ನ ಒತ್ತಿದ್ರೂ ಮೋಡ್ ಬದಲಾಗತ್ತೆ. ಟಚ್‌ಪ್ಯಾಡ್ ಮೋಡಲ್ಲಿ ಬೆರಳನ್ನ ಎಲ್ಲಿಟ್ಟು ಎಳೆದ್ರೂ ಪಾಯಿಂಟರ್ ತಾನಿದ್ದ ಜಾಗದಿಂದ ಸರಿಯತ್ತೆ, ಲ್ಯಾಪ್‌ಟಾಪ್ ಇದ್ದ ಹಾಗೇನೇ. ಒಂದು ಬೆರಳಲ್ಲಿ ತಟ್ಟಿದ್ರೆ ಎಡ ಕ್ಲಿಕ್, ಎರಡು ಬೆರಳು ಒಟ್ಟಿಗೆ ತಟ್ಟಿದ್ರೆ ಬಲ ಕ್ಲಿಕ್. ಹಳೇ ಚೌಕ ಚಿತ್ರ ಉದ್ದ ಫೋನಲ್ಲಿ ನಡುವೆ ಬಂದು ಎರಡೂ ಕಡೆ ಕಪ್ಪು ಪಟ್ಟಿ ಉಳಿಯತ್ತಲ್ಲ, ಅದನ್ನ ನೋಡಿ ಬೈಕೋಬೇಡಿ, ಹೆಬ್ಬೆರಳು ಇಡೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಅಲ್ಲಿ ಎಳೆದ್ರೆ ಪಾಯಿಂಟರ್ ಚಿತ್ರದೊಳಗೆ ಓಡಾಡತ್ತೆ, ಚಿತ್ರ ಪೂರ್ತಿ ಕಾಣತ್ತೆ. ಪಾಯಿಂಟರ್ ಸ್ಪೀಡ್ ಮಾತ್ರ ನಿಮ್ಮ ಕೈಗೆ ತಕ್ಕಂತೆ ಇಟ್ಕೊಳ್ಳಿ, ನಾನು ಸ್ವಲ್ಪ ನಿಧಾನಕ್ಕೇ ಇಡ್ತೀನಿ.

ಬಿನೀತ್ ಎ ಸ್ಟೀಲ್ ಸ್ಕೈಯನ್ನೇ ಉದಾಹರಣೆಗೆ ತಗೊಳ್ಳಿ. ಶುರುವಿನ ಕಾಮಿಕ್ ಮುಗಿದ ಮೇಲೆ (ಅದರ ಚಿತ್ರ ಬರೆದಿದ್ದು ವಾಚ್‌ಮೆನ್ ಕಾಮಿಕ್ಸಿನ ಚಿತ್ರಕಾರ ಡೇವ್ ಗಿಬ್ಬನ್ಸ್, ಸ್ಕಿಪ್ ಮಾಡ್ಬೇಡಿ) ಹೀರೋ ರಾಬರ್ಟ್ ಫಾಸ್ಟರ್ ಒಂದು ಕಾರ್ಖಾನೆಯ ಎತ್ತರದ ಕಟ್ಟೆ ಮೇಲೆ ನಿಂತಿರ್ತಾನೆ. ಪಾಯಿಂಟರನ್ನ ಮೆಲ್ಲಗೆ ಓಡಾಡಿಸಿ, ವಸ್ತುಗಳ ಹೆಸರು ಬರ್ತಾ ಹೋಗತ್ತೆ. ಈ ಗೇಮಲ್ಲಿ ಎಡ ಕ್ಲಿಕ್ ಅಂದ್ರೆ ನೋಡು, ಬಲ ಕ್ಲಿಕ್ ಅಂದ್ರೆ ಮಾಡು. ನನಗೆ ಮೊದ್ಲು ಇದು ಗೊತ್ತಿರ್ಲಿಲ್ಲ, ಒಂದು ಕಬ್ಬಿಣದ ಸರಳು ಕಾಣತ್ತೆ, ಅದರ ಮೇಲೆ ತಟ್ಟಿದಾಗಲೆಲ್ಲ ಆ ಪುಣ್ಯಾತ್ಮ ಅದರ ವರ್ಣನೆ ಮಾಡ್ತಾನೆ, ತಗೊಳ್ಳೋದೇ ಇಲ್ಲ, ಗೇಮೇ ಕೆಟ್ಟಿದೆ ಅಂತ ಒಂದು ಸಂಜೆ ಪೂರ್ತಿ ಬೈಕೊಂಡೆ. ಎರಡು ಬೆರಳಲ್ಲಿ ತಟ್ಟಿ, ತಗೋತಾನೆ. ಅದನ್ನ ಬಳಸೋಕೆ ಪಾಯಿಂಟರನ್ನ ಪರದೆಯ ಮೇಲಿನ ಅಂಚಿಗೆ ಒಯ್ಯಿರಿ, ಕೈಲಿರೋ ವಸ್ತುಗಳ ಪಟ್ಟಿ ಕೆಳಗಿಳಿಯತ್ತೆ. ನೇರ ಟಚ್ಚಲ್ಲಿ ಇದನ್ನ ಮಾಡೋಕೆ ಹೋದ್ರೆ ಗೇಮಿನ ಪಟ್ಟಿ ಬದ್ಲು ಫೋನಿನ ನೋಟಿಫಿಕೇಶನ್ ಕೆಳಗೆ ಬರತ್ತೆ, ಟಚ್‌ಪ್ಯಾಡ್ ಮೋಡಲ್ಲಿ ಆ ಗೋಳು ಇಲ್ಲ. ಸರಳನ್ನ ಯಾವುದಕ್ಕೆ ಬಳಸೋದು ಅಂತ ನಾನು ಹೇಳಲ್ಲ, ಅಲ್ಲೇ ಪಕ್ಕದಲ್ಲಿ ಒಂದು ಬಾಗಿಲಿದೆ ಅಷ್ಟೇ.

ಮಂಕಿ ಐಲ್ಯಾಂಡ್, ಟೆಂಟಕಲ್ ತರದವುಗಳಲ್ಲಿ ಪರದೆ ಕೆಳಗೆ ತೆರೆ, ಎಳೆ, ಕೊಡು, ಮಾತಾಡು ಅಂತ ಕ್ರಿಯಾಪದಗಳ ಸಾಲಿರತ್ತೆ. ಪ್ರತಿ ಸಲ ಕೆಳಗೆ ಹೋಗಿ ಬರೋದು ಹೆಬ್ಬೆರಳಿಗೆ ಶಿಕ್ಷೆ. ಬಾಗಿಲ ಮೇಲೆ ಪಾಯಿಂಟರ್ ಇಟ್ಟಾಗ ಯಾವ ಕ್ರಿಯಾಪದ ಬೇರೆ ಬಣ್ಣಕ್ಕೆ ತಿರುಗತ್ತೋ ಅದೇ ಬಲ ಕ್ಲಿಕ್ಕಿನ ಕೆಲಸ, ಎರಡು ಬೆರಳು ತಟ್ಟಿದ್ರೆ ಆಯ್ತು. ಅರ್ಧಕ್ಕರ್ಧ ಓಡಾಟ ಉಳಿಯತ್ತೆ.

ಮನೇಲಿ ಬ್ಲೂಟೂತ್ ಮೌಸ್ ಬಿದ್ದಿದ್ರೆ ಪೇರ್ ಮಾಡಿ ನೋಡಿ, ಬೇರೆ ಲೋಕ. ಆದ್ರೆ ಮಲ್ಕೊಂಡು ಆಡೋಕಾಗಲ್ಲ.

ಹಂತ 5: ಚಿತ್ರ ಮತ್ತೆ ಸೌಂಡ್

ಗ್ರಾಫಿಕ್ಸ್ ಟ್ಯಾಬಲ್ಲಿ ಆಸ್ಪೆಕ್ಟ್ ರೇಶಿಯೋ ಕರೆಕ್ಷನ್ ಅಂತ ಇರತ್ತೆ, ಆನ್ ಮಾಡಿ. 320 ಗುಣಿಸು 200 ಚಿತ್ರವನ್ನ ಆಗಿನ ಮಾನಿಟರ್‌ಗಳು ನಾಲ್ಕಕ್ಕೆ ಮೂರು ಅಳತೆಗೆ ಎತ್ತರಕ್ಕೆ ಎಳೆದು ತೋರಿಸ್ತಿದ್ವು, ಚಿತ್ರಕಾರರೂ ಅದನ್ನೇ ನೋಡಿ ಬಿಡಿಸಿದ್ದು. ಈ ಸೆಟ್ಟಿಂಗ್ ಆಫ್ ಇದ್ರೆ ಎಲ್ರೂ ಸ್ವಲ್ಪ ಕುಳ್ಳಗೆ, ಅಗಲಕ್ಕೆ ಕಾಣ್ತಾರೆ, ಚಂದ್ರ ಮೊಟ್ಟೆ ಆಗಿರ್ತಾನೆ. ಪರದೆ ಪೂರ್ತಿ ತುಂಬೋ ಹಾಗೆ ಹಿಗ್ಗಿಸೋದಂತೂ ಬೇಡ್ವೇ ಬೇಡ. ಪಿಕ್ಸೆಲ್‌ಗಳನ್ನ ನುಣ್ಣಗೆ ಮಾಡೋ ಫಿಲ್ಟರ್ ಹಾಕ್ಬೇಕಾ ಬೇಡ್ವಾ ಅನ್ನೋದು ನಿಮ್ಮಿಷ್ಟ, ನನಗೆ ಅದು ಕನ್ನಡಕ ಒರೆಸ್ದೇ ನೋಡಿದ ಹಾಗೆ ಅನ್ಸತ್ತೆ.

ಸೌಂಡಲ್ಲಿ ಡೀಫಾಲ್ಟ್ ಇದ್ದಿದ್ದೇ ಸಾಕು ಬಹುತೇಕ. ಆಸಕ್ತಿ ಇದ್ರೆ ಮುಂದೆ ಓದಿ: ಆಗಿನ ಗೇಮ್‌ಗಳ ಸಂಗೀತ ನಿಮ್ಮ ಕಂಪ್ಯೂಟರಲ್ಲಿ ಯಾವ ಸೌಂಡ್ ಕಾರ್ಡ್ ಇದೆ ಅನ್ನೋದ್ರ ಮೇಲೆ ಬೇರೆ ಬೇರೆ ತರ ಕೇಳ್ತಿತ್ತು. ಬಡವರ ಆಡ್‌ಲಿಬ್ ಒಂದು ತರ, 1987ರಲ್ಲಿ ಬಂದ ರೋಲಂಡ್ ಎಂಟಿ-32 ಅನ್ನೋ ದುಬಾರಿ ಪೆಟ್ಟಿಗೆ ಇನ್ನೊಂದು ತರ. ಎಂಟಿ-32 ನಕಲು ಸ್ಕಮ್‌ವಿಎಂ ಒಳಗೇ ಇದೆ, ಆದ್ರೆ ಅದಕ್ಕೆ ಆ ಪೆಟ್ಟಿಗೆಯ ರಾಮ್ (ROM) ಫೈಲುಗಳು, ಅಂದ್ರೆ ಅದರ ಚಿಪ್ಪಿನೊಳಗಿನ ಡೇಟಾ, ಬೇಕು, ಅವು ಹಕ್ಕಿನ ಸರಕು, ಆಪ್ ಜೊತೆ ಬರಲ್ಲ. ಇನ್ನೊಂದು, ಸಬ್‌ಟೈಟಲ್ ಮತ್ತೆ ಮಾತು ಎರಡೂ ಬೇಕು ಅಂತ ಆಡಿಯೋ ಟ್ಯಾಬಲ್ಲಿ ಬೋತ್ ಆರಿಸ್ಕೊಳ್ಳಿ, ಇಂಗ್ಲಿಷ್ ಗೇಮ್‌ಗಳ ಉಚ್ಚಾರಣೆ ಕೆಲವು ಕಡೆ ಗಂಟಲಲ್ಲೇ ಉಳಿಯತ್ತೆ, ಅಕ್ಷರ ಇದ್ರೆ ಸುಳಿವು ತಪ್ಪಲ್ಲ.

ಹಂತ 6: ಸೇವ್, ಸೇವ್, ಸೇವ್

ಸ್ಕಮ್‌ವಿಎಂ ಐದು ನಿಮಿಷಕ್ಕೊಂದ್ಸಲ ತಾನೇ ಆಟೋಸೇವ್ ಮಾಡತ್ತೆ, ಅದನ್ನ ನಂಬ್ಕೊಂಡು ಕೂರ್ಬೇಡಿ. ಫೋನ್ ಅಂದ್ಮೇಲೆ ಕಾಲ್ ಬರತ್ತೆ, ನೀವು ಬೇರೆ ನಾಲ್ಕು ಆಪ್ ತೆರೀತೀರಾ, ಮೆಮರಿ ಸಾಲ್ದೆ ಸಿಸ್ಟಮ್ ಹಿಂದಿರೋ ಗೇಮನ್ನ ಕೊಂದುಹಾಕತ್ತೆ, ವಾಪಸ್ ಬಂದ್ರೆ ಶುರುವಿನ ಲಿಸ್ಟು ನೋಡ್ಕೊಂಡು ನಗ್ತಿರತ್ತೆ. ಫೋನ್ ಕೆಳಗಿಡೋ ಮುಂಚೆ ಒಂದು ಸೇವ್. ಲ್ಯೂಕಸ್ ಗೇಮ್‌ಗಳಲ್ಲೂ ಸ್ಟೀಲ್ ಸ್ಕೈಯಲ್ಲೂ ಎಫ್5 ಸೇವ್ ಪರದೆ ತರತ್ತೆ, ಕೀಬೋರ್ಡ್ ಇದ್ರೆ ಕಂಟ್ರೋಲ್ ಜೊತೆ ಎಫ್5 ಒತ್ತಿದ್ರೆ ಎಲ್ಲಾ ಗೇಮಲ್ಲೂ ಸ್ಕಮ್‌ವಿಎಂನ ಸ್ವಂತ ಮೆನು ಬರತ್ತೆ. ಕೀಬೋರ್ಡ್ ಇಲ್ದಿದ್ರೆ ಅದೇ ಮೆನು ತರೋ ಸನ್ನೆ ಆಂಡ್ರಾಯ್ಡಲ್ಲಿ ಒಂದು, ಐಫೋನಲ್ಲಿ ಇನ್ನೊಂದು, ಸ್ಕಮ್‌ವಿಎಂನ ಶುರುವಿನ ಪರದೇಲಿರೋ ಹೆಲ್ಪ್ ಒಳಗೆ ನೋಡ್ಕೊಂಡು ಎರಡು ಸಲ ಪ್ರಾಕ್ಟೀಸ್ ಮಾಡ್ಕೊಂಬಿಡಿ, ಬೇಕಾದಾಗ ನೆನಪಾಗಲ್ಲ.

ಸಿಯೆರಾ ಗೇಮ್ ಆಡೋದಾದ್ರೆ ಒಂದೇ ಸ್ಲಾಟಲ್ಲಿ ಸೇವ್ ಮಾಡೋದು ಆತ್ಮಹತ್ಯೆ. ಲ್ಯೂಕಸ್‌ನವ್ರು ಮಂಕಿ ಐಲ್ಯಾಂಡ್ (1990) ಹೊತ್ತಿಗೆ ಆಟಗಾರ ಸಾಯಬಾರ್ದು, ದಾರಿ ಮುಚ್ಚಬಾರ್ದು ಅನ್ನೋ ತೀರ್ಮಾನಕ್ಕೆ ಬಂದಿದ್ರು. ಸಿಯೆರಾದವ್ರಿಗೆ ಅಂಥಾ ಕರುಣೆ ಇಲ್ಲ. ಕಿಂಗ್ಸ್ ಕ್ವೆಸ್ಟ್ 5ರಲ್ಲಿ ನಿಮ್ಮ ಹತ್ರ ಒಂದು ಕಸ್ಟರ್ಡ್ ಪೈ ಇರತ್ತೆ, ಹಸಿವಾಯ್ತು ಅಂತ ತಿಂದ್ರೆ ತಿನ್ನೋಕೆ ಬಿಡತ್ತೆ, ಏನೂ ಆಗಲ್ಲ, ಎಷ್ಟೋ ಹೊತ್ತಾದ್ಮೇಲೆ ಹಿಮಬೆಟ್ಟದಲ್ಲಿ ಯೇತಿ ಎದುರಿಗೆ ಬಂದಾಗ ಅದರ ಮುಖಕ್ಕೆ ಎಸೆಯೋಕೆ ಆ ಪೈಯೇ ಬೇಕು ಅಂತ ಗೊತ್ತಾಗತ್ತೆ. ಹಳೇ ಸೇವ್ ಇಲ್ದಿದ್ರೆ ಮೊದಲಿಂದ. ಹಂಗಾಗಿ ಹೊಸ ಜಾಗಕ್ಕೆ ಹೋದಾಗಲೆಲ್ಲ ಹೊಸ ಸ್ಲಾಟು, ಹೆಸರಲ್ಲಿ ಎಲ್ಲಿದೀನಿ ಅಂತ ಎರಡು ಪದ ಬರೀರಿ.

ಇನ್ನು ನಾನೇ ಮಾಡ್ಕೊಂಡ ಎಡವಟ್ಟು. ಫೋನಲ್ಲಿ ಜಾಗ ಸಾಲ್ತಿಲ್ಲ ಅಂತ ಒಂದಿನ ಆಪ್ ತೆಗೆದುಹಾಕಿದೆ, ಗೇಮ್ ಫೈಲು ಬೇರೆ ಫೋಲ್ಡರಲ್ಲಿ ಇದ್ಯಲ್ಲ ಅಂತ ಧೈರ್ಯ. ಗೇಮ್ ಫೈಲೇನೋ ಇತ್ತು, ಸೇವ್‌ಗಳು ಆಪ್ ಒಳಗಿದ್ವು, ಆಪ್ ಜೊತೆ ಅವೂ ಹೋದ್ವು, ಅಟ್ಲಾಂಟಿಸಲ್ಲಿ ಮುಕ್ಕಾಲು ದಾರಿ ಮುಗಿಸಿದ್ದೆ. ನೀವು ಹಿಂಗೆ ಮಾಡ್ಕೋಬೇಡಿ. ಆಪ್ಷನ್ಸಲ್ಲಿ ಪಾತ್ಸ್ ಟ್ಯಾಬಿಗೆ ಹೋಗಿ ಸೇವ್ ಪಾತ್ ಅನ್ನೋದನ್ನ ನಿಮ್ಮ ಗೇಮ್ಸ್ ಫೋಲ್ಡರೊಳಗೇ ಸೇವ್ಸ್ ಅಂತ ಒಂದು ಫೋಲ್ಡರಿಗೆ ತಿರುಗಿಸಿ. ಕ್ಲೌಡ್ ಟ್ಯಾಬಲ್ಲಿ ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ಬಾಕ್ಸ್ ನಾಲ್ಕರಲ್ಲಿ ಯಾವುದನ್ನಾದ್ರೂ ಜೋಡಿಸ್ಕೋಬಹುದು. ಜೋಡಿಸಿದ್ರೆ ಕಂಪ್ಯೂಟರಲ್ಲಿ ಬಿಟ್ಟ ಕಡೆಯಿಂದ ಫೋನಲ್ಲಿ ಮುಂದುವರಿಸೋಕೂ ಆಗತ್ತೆ.

ಟೈಪ್ ಮಾಡೋ ಗೇಮ್‌ಗಳು

ಮೌಸ್ ಬರೋ ಮುಂಚಿನ ಗೇಮ್‌ಗಳು ಇನ್ನೊಂದು ಪ್ರಪಂಚ. 1976ರಲ್ಲಿ ವಿಲ್ ಕ್ರೌದರ್ ಬರೆದು, ಮುಂದಿನ ವರ್ಷ ಡಾನ್ ವುಡ್ಸ್ ದೊಡ್ಡದು ಮಾಡಿದ ಕೊಲೊಸಲ್ ಕೇವ್ ಅಡ್ವೆಂಚರಲ್ಲಿ ಚಿತ್ರಾನೇ ಇರ್ಲಿಲ್ಲ, ಓದು, ಟೈಪ್ ಮಾಡು, ಅಷ್ಟೇ. 1984ರ ಕಿಂಗ್ಸ್ ಕ್ವೆಸ್ಟಲ್ಲಿ ಚಿತ್ರ ಇದ್ರೂ ಆಜ್ಞೆ ಟೈಪ್ ಮಾಡ್ಬೇಕು. ಸ್ಕಮ್‌ವಿಎಂ ಇಂಥವನ್ನೂ ಓಡಿಸತ್ತೆ, ಇನ್‌ಫೋಕಾಮ್ ಕಂಪನಿಯ ತರದ ಶುದ್ಧ ಪಠ್ಯದ ಗೇಮಿಗೆ ಮಾತ್ರ ಆಂಡ್ರಾಯ್ಡಲ್ಲಿ ಫ್ಯಾಬ್ಯುಲೇರಿಯಂ, ಐಫೋನಲ್ಲಿ ಫ್ರಾಟ್ಜ್ ಅನ್ನೋ ಆಪ್ ಹಾಯಾಗಿರತ್ತೆ, ಅಕ್ಷರ ಓದೋಕೆ ಚೆನ್ನಾಗಿ ಕಾಣತ್ತೆ.

ಟೈಪ್ ಮಾಡುವಾಗ ಎರಡು ವಿಷಯ. ಕೀಬೋರ್ಡ್ ಕನ್ನಡದಲ್ಲಿದ್ರೆ ಇಂಗ್ಲಿಷಿಗೆ ತಿರುಗಿಸಿ, ಇಲ್ದಿದ್ರೆ ಏನು ಒತ್ತಿದ್ರೂ ಗೇಮಲ್ಲಿ ಒಂದಕ್ಷರ ಬೀಳಲ್ಲ. ಮತ್ತೆ ಆಟೋಕರೆಕ್ಟ್ ಆಫ್ ಮಾಡಿ, ನೀವು ಟ್ರೋಲ್ ಅನ್ನೋದನ್ನ ಅದು ಇನ್ನೇನೋ ಮಾಡಿರತ್ತೆ, ಗೇಮು ಅರ್ಥ ಆಗ್ಲಿಲ್ಲ ಅನ್ನತ್ತೆ, ಜಗಳ ನಿಮ್ಮಿಬ್ರ ನಡುವೆ. ಫೋನನ್ನ ನೇರ ಹಿಡಿದ್ರೆ ಮೇಲೆ ಗೇಮ್, ಕೆಳಗೆ ಕೀಬೋರ್ಡ್, ಎರಡಕ್ಕೂ ಜಾಗ ಸಿಗತ್ತೆ.

ಸ್ಕಮ್‌ವಿಎಂ ಕೈ ಎತ್ತಿದ್ರೆ

ಕೆಲವು ಗೇಮ್ ಅದರ ಪಟ್ಟೀಲಿ ಇರಲ್ಲ. ಆಗ ಡಾಸ್‌ಬಾಕ್ಸ್, ಆಂಡ್ರಾಯ್ಡಲ್ಲಿ ಮ್ಯಾಜಿಕ್ ಡಾಸ್‌ಬಾಕ್ಸ್ ಸಿಗತ್ತೆ. ಆಪಲ್‌ನವ್ರು 2024ರ ಏಪ್ರಿಲಲ್ಲಿ ಹಳೇ ಗೇಮ್‌ಗಳ ಎಮ್ಯುಲೇಟರಿಗೆ ಆಪ್ ಸ್ಟೋರಲ್ಲಿ ಜಾಗ ಕೊಟ್ಟ ಮೇಲೆ ಐಫೋನಿಗೂ ಐಡಾಸ್ ಬಂದಿದೆ. ಇಲ್ಲಿ ಇಎಕ್ಸ್‌ಇ ಫೈಲ್ ಬೇಕು, ಸೌಂಡ್ ಸೆಟಪ್ ನೀವೇ ಮಾಡ್ಬೇಕು, ಸ್ಪೀಡ್ ತಪ್ಪಿದ್ರೆ ಸೈಕಲ್ಸ್ (ನಟಿಸ್ತಿರೋ ಕಂಪ್ಯೂಟರಿನ ವೇಗದ ಸೆಟ್ಟಿಂಗು) ಹೆಚ್ಚುಕಮ್ಮಿ ಮಾಡ್ಬೇಕು. ಬೇರೆ ದಾರಿ ಇಲ್ಲ ಅಂದಾಗ ಮಾತ್ರ. ತಲೆನೋವೇ ಬೇಡ ಅನ್ನೋರಿಗೆ ಗ್ರಿಮ್ ಫಂಡಾಂಗೋ ರಿಮಾಸ್ಟರ್ಡ್, ರಾನ್ ಗಿಲ್ಬರ್ಟ್ 2017ರಲ್ಲಿ ಹಳೇ ಶೈಲಿಯಲ್ಲೇ ತಂದ ಥಿಂಬಲ್‌ವೀಡ್ ಪಾರ್ಕ್, ಇವೆಲ್ಲ ನೇರ ಫೋನಿಗೇ ಬಂದಿವೆ.

ಒಗಟಲ್ಲಿ ಸಿಕ್ಕಾಕ್ಕೊಂಡಾಗ

ಸಿಕ್ಕಾಕ್ಕೊಳ್ತೀರಾ, ಅದರಲ್ಲಿ ಅನುಮಾನ ಬೇಡ. ಗೇಮ್ ಶುರುವಲ್ಲೇ ಮ್ಯಾನುಯಲಿನ ಇಂಥಾ ಪುಟದ ಇಂಥಾ ಪದ ಹೇಳು ಅಂತ ಕೇಳಿದ್ರೆ ಅದು ಒಗಟಲ್ಲ, ಆಗಿನ ಕಾಪಿ ತಡೆಯೋ ಉಪಾಯ. ಮಂಕಿ ಐಲ್ಯಾಂಡಿಗೆ ಕಡಲ್ಗಳ್ಳರ ಮುಖ ತಿರುಗಿಸಿ ಹೊಂದಿಸೋ ರಟ್ಟಿನ ಚಕ್ರ ಬರ್ತಿತ್ತು. ಎಷ್ಟೋ ಗೇಮಲ್ಲಿ ಸ್ಕಮ್‌ವಿಎಂ ಅದನ್ನ ದಾಟಿಸಿಬಿಡತ್ತೆ, ಕೆಲವು ಸಿಯೆರಾ ಗೇಮಲ್ಲಿ ಕೇಳೇ ಕೇಳತ್ತೆ, ಹಾಗಾಗಿ ಕೊಂಡ ಗೇಮ್ ಜೊತೆ ಬರೋ ಮ್ಯಾನುಯಲ್ ಪಿಡಿಎಫನ್ನೂ ಫೋನಿಗೆ ಹಾಕ್ಕೊಳ್ಳಿ.

ನಿಜವಾದ ಒಗಟಿಗೆ ವಾಕ್‌ಥ್ರೂ ವಿಡಿಯೋ (ಗೇಮನ್ನ ಶುರುವಿಂದ ಕೊನೇವರೆಗೂ ಬಿಡಿಸಿ ತೋರಿಸೋದು) ತೆಗೀಬೇಡಿ, ಒಂದು ಉತ್ತರ ಹುಡುಕೋಕೆ ಹೋಗಿ ಮುಂದಿನ ಆರು ಒಗಟು ನೋಡ್ಕೊಂಡು ಬರ್ತೀರಾ. ಯುಎಚ್‌ಎಸ್ ಅಂತ 1988ರಿಂದ ಇರೋ ಒಂದು ಸುಳಿವಿನ ವ್ಯವಸ್ಥೆ ಇದೆ, ನಿಮ್ಮ ಪ್ರಶ್ನೆ ಆರಿಸಿದ್ರೆ ಮೊದ್ಲು ಸಣ್ಣ ಸುಳಿವು, ಸಾಲ್ದಿದ್ರೆ ಇನ್ನೊಂದು, ಕೊನೆಗೆ ಉತ್ತರ, ಹಿಂಗೆ ಒಂದೊಂದೇ ತೋರಿಸತ್ತೆ. ನನಗೆ ಎರಡನೇ ಸುಳಿವಿಗೇ ತಲೆ ಚಚ್ಕೊಳ್ಳೋ ಹಾಗಾಗಿರತ್ತೆ.

ಮತ್ತೆ ಆಗಿನವ್ರ ಹತ್ರ ಇಲ್ದಿದ್ದು ನಮ್ಮ ಹತ್ರ ಒಂದಿದೆ, ಸ್ಕ್ರೀನ್‌ಶಾಟ್. ಆಗ ಪೆನ್ನು ಪುಸ್ತಕ ಇಟ್ಕೊಂಡು ಮ್ಯಾಪು, ಕೋಡು ಬರ್ಕೊಳ್ತಿದ್ರು. ಗೋಡೆ ಮೇಲಿನ ಚಿಹ್ನೆ, ಯಾರೋ ಹೇಳಿದ ನಂಬರ್, ಬಾಗಿಲ ಮೇಲಿನ ಗುರುತು, ಅನುಮಾನ ಬಂದ ಪ್ರತಿಯೊಂದಕ್ಕೂ ಒಂದು ಸ್ಕ್ರೀನ್‌ಶಾಟ್ ಹೊಡ್ಕೊಂಡು ಗ್ಯಾಲರೀಲಿ ಗೇಮಿನ ಹೆಸರಲ್ಲಿ ಒಂದು ಆಲ್ಬಮ್ ಮಾಡಿ. 1990ರ ಲೂಮ್ ಆಡುವಾಗಂತೂ ಇದು ಬೇಕೇ ಬೇಕು. ಅದರಲ್ಲಿ ಮಂತ್ರ ಅಂದ್ರೆ ನಾಲ್ಕು ಸ್ವರ, ಆ ಸ್ವರಗಳು ಪ್ರತಿ ಹೊಸ ಆಟಕ್ಕೂ ಬದಲಾಗತ್ತೆ, ಬೇರೆಯವ್ರ ವಾಕ್‌ಥ್ರೂ ಬಹಳಷ್ಟು ಕಡೆ ಕೆಲ್ಸಕ್ಕೆ ಬರಲ್ಲ. ಸ್ವರ ಕೇಳಿಸಿದಾಗ ಪರದೇಲಿ ಕಾಣೋ ಮಂತ್ರದ ಕೋಲಿನ ಮೇಲೆ ಯಾವ ಜಾಗ ಹೊಳೀತು ಅಂತ ಕಣ್ಣಿಟ್ಟು ನೋಡಿ, ಸ್ಕ್ರೀನ್‌ಶಾಟಿಗೆ ಸಿಗದಷ್ಟು ಬೇಗ ಹೋದ್ರೆ ಸ್ಕ್ರೀನ್ ರೆಕಾರ್ಡ್ ಹಾಕಿ.